ಜಾಮೀನು ಬ್ಯಾಂಕಿಗೆ, ಹೊಣೆ ನಿಮಗೆ

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ರಾಜೂರ ಮಳೆಯನ್ನೇ ನಂಬಿದ ಸೀಮೆಯ ಊರು. ಎರೆಹೊಲದಲ್ಲಿ ಹಿಂಗಾರಿಯ ಬಿಳಿಜೋಳ ಮತ್ತು ಕಡಲೆ, ಮಸಾರಿಯಲ್ಲಿ ಶೇಂಗಾ, ಮುಂಗಾರು ಸರಿಯಾಗಿ ಹಿಡಿದರೆ ಹೆಸರು. ರೋಣ, ಗಜೇಂದ್ರಗಡ ಭಾಗದ ಒಕ್ಕಲುತನದ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಹಿತ್ತಲಿನ ಎಮ್ಮೆ, ಹಟ್ಟಿಯ ಕುರಿ ಮತ್ತು ಮೇಕೆ. ಮಗಳ ಮದುವೆಗೋ ಮಗನ ಕಾಲೇಜಿನ ಫೀಗೋ ಹಣ ಬೇಕಾದಾಗ ನಾಲ್ಕು ಟಗರು ಸಂತೆಗೆ ಹೋಗುತ್ತವೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1.1 ಕೋಟಿಯಷ್ಟಿತ್ತು. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ಇಷ್ಟು ಕುರಿ ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ.

ಇಷ್ಟೊಂದು ಬದುಕು ಜಾನುವಾರಿನ ಮೇಲೆ ನಿಂತಿರುವ ಕಡೆ ಹಿಂಡಿನ ಬಳಿಗೆ ಹೊತ್ತಿಗೆ ಸರಿಯಾಗಿ ಬರುವ ಪಶುವೈದ್ಯರ ಕೊರತೆ ಮಾತ್ರ ತೀರಿಲ್ಲ. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರ ಮೇಲೆ ಹಲವು ಊರುಗಳ ಹೊಣೆ ಇರುತ್ತದೆ. ಲಸಿಕೆ ಅಭಿಯಾನ, ಗಣತಿ, ವರದಿ, ಮರಣೋತ್ತರ ಪರೀಕ್ಷೆ ಎಲ್ಲವೂ ಅವರ ತಲೆಯ ಮೇಲೇ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳು ಕರ್ನಾಟಕಕ್ಕೆ ಮಂಜೂರಾದದ್ದು 275. ಅವು ದೊಡ್ಡ ಆಸರೆ, ಸಂಶಯವಿಲ್ಲ. ಆದರೆ ಕುರಿಗೆ ಕರುಳು ಬೇನೆ ಬಡಿದರೆ ಸಂಜೆ ಚೆನ್ನಾಗಿ ಮೇಯ್ದ ಮರಿ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಎಮ್ಮೆಗೆ ಹೊಟ್ಟೆ ಉಬ್ಬರವಾದರೆ ಕಾಯಲು ಒಂದೆರಡು ತಾಸೂ ಇರುವುದಿಲ್ಲ. ಆದ್ದರಿಂದ ಇಲ್ಲಿ ಸ್ವಂತವಾಗಿ ಪಶುವೈದ್ಯ ಸೇವೆ ಕೊಡುವವರಿಗೆ ಕೆಲಸ ಇದೆ. ಓದಿದ ಯುವಕ ಯುವತಿಯರೂ ಇದ್ದಾರೆ. ಗದಗಿನಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಇಲ್ಲದ್ದು ಮೊದಲ ಬಂಡವಾಳ. ಅದಕ್ಕೆಂದೇ ಸರ್ಕಾರದ ಬೆಂಬಲವಿರುವ ಸಾಲಗಳಿವೆ.

ಈ ಸಾಲಗಳ ಮಾತು ಬಂದಾಗ ಎರಡು ತಪ್ಪು ತಿಳಿವಳಿಕೆ ಮೊದಲು ಎದುರಾಗುತ್ತವೆ. ಸಾಲ ಕೊಡುವುದು ಸರ್ಕಾರ ಎನ್ನುವುದು ಒಂದು. ಸರ್ಕಾರವೇ ಜಾಮೀನು ನಿಂತ ಮೇಲೆ ಕಟ್ಟದಿದ್ದರೂ ನಡೆಯುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ಸಾಲ ಕೊಡುವುದು ಬ್ಯಾಂಕ್. ಸರ್ಕಾರದ ಖಾತರಿ ಸಿಗುವುದು ಆ ಬ್ಯಾಂಕಿಗೆ. ಸಾಲಗಾರನ ಹೊಣೆ ಕೊನೆಯ ರೂಪಾಯಿ ತೀರುವವರೆಗೂ ಇದ್ದೇ ಇರುತ್ತದೆ. ಇದನ್ನು ಮೊದಲು ಅರ್ಥಮಾಡಿಕೊಂಡರೆ ಯಾವ ಸಾಲ, ಎಷ್ಟು ಸಾಲ ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭ.

ಕಣಗಿನಹಾಳದ ಜಾಮೀನು

ಜಾಮೀನಿನ ವಿಚಾರ ಗದಗ ಜಿಲ್ಲೆಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಅದನ್ನು ಇಂದಿಗೂ ನೆನೆಯುತ್ತಾರೆ. ಹಿಂದಿನ ವರ್ಷವಷ್ಟೇ, 1904ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. ಆ ಕಾಯ್ದೆಯಡಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಯ ನಿಯಮವಿತ್ತು. ಒಬ್ಬ ಸದಸ್ಯ ಸಾಲ ಕಟ್ಟದೆ ಸಂಘ ಮುಳುಗಿದರೆ ಉಳಿದ ಸದಸ್ಯರೆಲ್ಲ ಅದನ್ನು ತುಂಬಿಕೊಡಬೇಕಿತ್ತು. ಹಾಗಾಗಿ ಸಾಲ ಕೊಡುವ ಮೊದಲು ಊರಿನವರು ಒಂದೇ ಪ್ರಶ್ನೆ ಕೇಳುತ್ತಿದ್ದರು: ಈ ಮನುಷ್ಯ ಈ ಹಣದಿಂದ ಏನು ಮಾಡುತ್ತಾನೆ, ಅದರಿಂದ ದುಡಿದು ತಿರುಗಿ ಕೊಡುತ್ತಾನೆಯೇ? ಒಬ್ಬರ ಹೊಲಮನೆ ಇನ್ನೊಬ್ಬರಿಗೆ ಗೊತ್ತಿದ್ದುದರಿಂದ ಉತ್ತರವೂ ಊರಿನಲ್ಲೇ ಸಿಗುತ್ತಿತ್ತು.

ಇಂದು ನೆರೆಯವರ ಜಾಗದಲ್ಲಿ ಖಾತರಿ ನಿಧಿಗಳು ನಿಂತಿವೆ. ಸಣ್ಣ ಉದ್ಯಮಗಳ ಸಾಲಕ್ಕಾಗಿ ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ಸಿಡ್ಬಿ ಸೇರಿ 2000ದಲ್ಲಿ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್ ಕಟ್ಟಿದವು. ಮುದ್ರಾ ಸಾಲಗಳಿಗೆ ಪ್ರತ್ಯೇಕ ಖಾತರಿ ನಿಧಿ ಇದೆ. ಇವು ಕೆಲಸ ಮಾಡುವ ರೀತಿ ಸರಳ. ಸಾಲಗಾರ ಅಡವು ಇಡಬೇಕಾಗಿಲ್ಲ. ಬ್ಯಾಂಕ್ ಆ ಸಾಲವನ್ನು ನಿಧಿಯ ಖಾತರಿಗೆ ಒಳಪಡಿಸುತ್ತದೆ, ಅದಕ್ಕೆ ಶುಲ್ಕವೂ ಇರುತ್ತದೆ. ಕಂತು ನಿಂತು ಸಾಲ ಕೆಟ್ಟರೆ ಬ್ಯಾಂಕಿನ ನಷ್ಟದ ಒಂದು ಪಾಲನ್ನು ನಿಧಿ ತುಂಬಿಕೊಡುತ್ತದೆ. ಅಷ್ಟಕ್ಕೆ ಸಾಲಗಾರನ ಋಣ ತೀರಲಿಲ್ಲ. ವಸೂಲಿ ಮುಂದುವರಿಯುತ್ತದೆ, ಸಿಬಿಲ್ ದಾಖಲೆಯಲ್ಲಿ ಸುಸ್ತಿ ಉಳಿಯುತ್ತದೆ, ಮುಂದೆ ಟ್ರ್ಯಾಕ್ಟರಿಗೋ ಮನೆಗೋ ಸಾಲ ಕೇಳಿದಾಗ ಅದೇ ಅಡ್ಡಬರುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಕಿರು ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡವು ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಹಾಕಿದ ನಿಯಮ. ಹೊಲದ ಉತಾರ ತಂದು ಬೋಜಾ ಹಾಕಿಸಿ ಎಂದು ಯಾರಾದರೂ ಹೇಳಿದರೆ ಈ ನಿಯಮವನ್ನು ಅವರಿಗೆ ನೆನಪಿಸುವ ಹಕ್ಕು ನಿಮ್ಮದು.

ಕಾನೂನು ಯಾರಿಗೆ ಏನು ಬಿಟ್ಟಿದೆ

ಸಾಲಕ್ಕಿಂತ ಮೊದಲು ಬರುವ ಪ್ರಶ್ನೆ ಅರ್ಹತೆಯದು. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984ರ 30ನೇ ಕಲಂ ಪ್ರಕಾರ ಪಶುವೈದ್ಯ ವೃತ್ತಿ ಮಾಡಬಹುದಾದವರು ನೋಂದಾಯಿತ ಪಶುವೈದ್ಯರು ಮಾತ್ರ. ಅಂದರೆ ಐದೂವರೆ ವರ್ಷದ ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿ ಮುಗಿಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರಿಗೆ ಸಣ್ಣಪುಟ್ಟ ಸೇವೆ ಮಾಡಲು ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಡಬಹುದು. ಆ ಸೇವೆಯೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲೇ ನಡೆಯಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದಿಷ್ಟು ದಿನ ಯಾರದೋ ಜೊತೆ ಓಡಾಡಿ ಸೂಜಿ ಹಾಕುವುದನ್ನು ಕಲಿತವರು ಹಟ್ಟಿಗಳಲ್ಲಿ ಡಾಕ್ಟರಾಗುವುದು ನಮ್ಮಲ್ಲಿ ನಡೆದುಬಂದಿದೆ. ಅಳತೆ ತಪ್ಪಿದ ಆಂಟಿಬಯೋಟಿಕ್‌ನಿಂದ ಜಾನುವಾರಿಗೆ ಕೇಡು, ಅದರ ಹಾಲು ಕುಡಿಯುವ ಮಕ್ಕಳಿಗೂ ಕೇಡು. ಅರ್ಹತೆ ಇಲ್ಲದೆ ಚಿಕಿತ್ಸಾಲಯದ ಹೆಸರಿನಲ್ಲಿ ಸಾಲ ಎತ್ತಿದರೆ ಒಂದು ದೂರು ಬಂದ ದಿನ ಕೆಲಸವೂ ನಿಲ್ಲುತ್ತದೆ, ಕಂತೂ ನಿಲ್ಲುತ್ತದೆ.

ಔಷಧ ಅಂಗಡಿಗೆ ಬೇರೆಯೇ ನಿಯಮ. ಪಶುಗಳ ಔಷಧವಾದರೂ ಅಂಗಡಿ ಇಟ್ಟು ಮಾರಲು ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು, ಚೀಟಿ ಔಷಧ ಮಾರುವಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ಹಿಂಡಿ, ಖನಿಜ ಮಿಶ್ರಣ, ಹಗ್ಗ, ಹಾಲಿನ ಕ್ಯಾನುಗಳಿಗೆ ಈ ಪರವಾನಗಿ ಬೇಕಿಲ್ಲ.

ಪದವೀಧರರಿಗೆ: ಅಗ್ರಿ ಕ್ಲಿನಿಕ್

ಪಶುವೈದ್ಯ ಪದವಿ ಇದ್ದವರು ಮೊದಲು ನೋಡಬೇಕಾದದ್ದು ಕೇಂದ್ರ ಕೃಷಿ ಸಚಿವಾಲಯ 2002ರ ಏಪ್ರಿಲ್‌ನಲ್ಲಿ ಆರಂಭಿಸಿದ ಅಗ್ರಿ ಕ್ಲಿನಿಕ್ ಮತ್ತು ಅಗ್ರಿ ಬಿಸಿನೆಸ್ ಕೇಂದ್ರ ಯೋಜನೆಯನ್ನು. ಹೆಸರಿನಲ್ಲಿ ಕೃಷಿ ಇರುವುದರಿಂದ ಇದು ಬೀಜ ಗೊಬ್ಬರದವರಿಗಷ್ಟೇ ಎಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪಶುವೈದ್ಯಕೀಯ ಚಿಕಿತ್ಸಾಲಯ ಈ ಯೋಜನೆಯ ಪಟ್ಟಿಯಲ್ಲೇ ಇದೆ. ಕೃಷಿ ಮತ್ತು ಸಂಬಂಧಿತ ವಿಷಯಗಳ ಡಿಪ್ಲೊಮಾ ಪಡೆದವರಿಗೂ ಇಲ್ಲಿ ಅವಕಾಶವಿದೆ, ಆದರೆ ಚಿಕಿತ್ಸಾಲಯವಲ್ಲದ ಉದ್ಯಮಕ್ಕೆ.

ಯೋಜನೆಯ ಎರಡು ಕಾಲುಗಳು ತರಬೇತಿ ಮತ್ತು ಸಬ್ಸಿಡಿ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಉಸ್ತುವಾರಿಯಲ್ಲಿ 45 ದಿನಗಳ ಉಚಿತ ತರಬೇತಿ ನಡೆಯುತ್ತದೆ. ಯೋಜನಾ ವರದಿ ಬರೆಯುವುದು, ಲೆಕ್ಕ ಇಡುವುದು, ಮಾರುಕಟ್ಟೆ ಅಳೆಯುವುದನ್ನು ಅಲ್ಲಿ ಕಲಿಸುತ್ತಾರೆ. ರೋಗ ಗುರುತಿಸುವುದನ್ನು ಕಾಲೇಜು ಕಲಿಸಿರುತ್ತದೆ, ಫೀ ಕೇಳುವುದನ್ನು ಕಲಿಸಿರುವುದಿಲ್ಲ. ಹಾಗಾಗಿ ಈ ತರಬೇತಿಯನ್ನು ಸಬ್ಸಿಡಿಗೆ ಬೇಕಾದ ಒಂದು ಕಾಗದವೆಂದು ನೋಡದೆ ಮನಸ್ಸಿಟ್ಟು ಮುಗಿಸಬೇಕು.

ತರಬೇತಿ ಪಡೆದವರು ಬ್ಯಾಂಕಿನಿಂದ ಸಾಲ ಪಡೆದರೆ ನಬಾರ್ಡ್ ಮೂಲಕ ಸಬ್ಸಿಡಿ ಬರುತ್ತದೆ. ಒಬ್ಬರ ಯೋಜನಾ ವೆಚ್ಚದ ಮಿತಿ 20 ಲಕ್ಷ ರೂಪಾಯಿ. ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ 36 ಶೇಕಡಾ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಮಹಿಳೆಯರು, ಈಶಾನ್ಯ ಮತ್ತು ಗುಡ್ಡಗಾಡು ರಾಜ್ಯಗಳವರಿಗೆ 44 ಶೇಕಡಾ. 10 ಲಕ್ಷದ ಯೋಜನೆಗೆ ರಾಜೂರಿನ ಸಾಮಾನ್ಯ ವರ್ಗದ ಯುವಕನಿಗೆ 3.6 ಲಕ್ಷ, ಯುವತಿಗೆ 4.4 ಲಕ್ಷ.

ಆದರೆ ಈ ಹಣ ಕೈಗೆ ಬರುವುದಿಲ್ಲ. ಬ್ಯಾಂಕ್ ಅದನ್ನು ಪ್ರತ್ಯೇಕ ಖಾತೆಯಲ್ಲಿ ಇಡುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಕನಿಷ್ಠ ಮೂರು ವರ್ಷ ಉದ್ಯಮ ನಡೆಸಿ ಕಂತು ಸರಿಯಾಗಿ ಕಟ್ಟಿದವರಿಗೆ ಕೊನೆಯಲ್ಲಿ ಅದು ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಸಬ್ಸಿಡಿ ಬಂದೇ ಬರುತ್ತದೆಂದು ನಂಬಿ ದೊಡ್ಡ ಸಾಲ ಎತ್ತುವುದು ಅಪಾಯ. ಸಬ್ಸಿಡಿ ಇಲ್ಲದಿದ್ದರೂ ಕಟ್ಟಬಲ್ಲೆ ಎನ್ನುವಷ್ಟೇ ಸಾಲ ಮಾಡಿದವರಿಗೆ ಕೊನೆಯಲ್ಲಿ ಬರುವ ಆ ಹಣ ನಿಜವಾದ ಲಾಭವಾಗುತ್ತದೆ.

ಉಳಿದವರಿಗೆ: ಮೈತ್ರಿ, ಮುದ್ರಾ, ಉದ್ಯೋಗಿನಿ

ಪದವಿ ಇಲ್ಲದವರಿಗೂ ಪಶು ಆರೋಗ್ಯದ ಸುತ್ತ ಗೌರವದ ಉದ್ಯೋಗಗಳಿವೆ. ಕೃತಕ ಗರ್ಭಧಾರಣೆ ಅದರಲ್ಲಿ ಮುಖ್ಯ. ಕೇಂದ್ರದ ರಾಷ್ಟ್ರೀಯ ಗೋಕುಲ ಮಿಷನ್ ಅಡಿ ಹಳ್ಳಿಯ ಯುವಕರಿಗೆ ತರಬೇತಿ ಕೊಟ್ಟು ಮೈತ್ರಿ ಕಾರ್ಯಕರ್ತರನ್ನಾಗಿ ಮಾಡುತ್ತಾರೆ. ತರಬೇತಿಗೆ 31,000 ರೂಪಾಯಿ, ಉಪಕರಣಗಳಿಗೆ 50,000 ರೂಪಾಯಿ ಅನುದಾನವಿದೆ. ದ್ರವ ಸಾರಜನಕದ ಜಾಡಿ ಹೊತ್ತು ರೈತರ ಮನೆಗೇ ಹೋಗಿ ಸೇವೆ ಕೊಟ್ಟು ಅವರಿಂದ ಶುಲ್ಕ ಪಡೆಯುವ ಕೆಲಸ ಇದು. ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿತು. ಗದಗ ಜಿಲ್ಲೆ ಅದರ ಸ್ವಂತ ನೆಲೆಗಳಲ್ಲಿ ಒಂದು. ಈ ಎಮ್ಮೆಗಳನ್ನು ಮುರ‍್ರಾ ಜೊತೆ ಎಗ್ಗಿಲ್ಲದೆ ಬೆರಸದೆ ಒಳ್ಳೆಯ ಕೋಣದ ವೀರ್ಯದಿಂದ ತಳಿ ಉಳಿಸಿಕೊಡುವ ತಂತ್ರಜ್ಞರು ಊರೂರಿಗೂ ಬೇಕು.

ಎರಡನೆಯದು ಪಶು ಆಹಾರ ಮತ್ತು ಪರಿಕರಗಳ ಅಂಗಡಿ. ಇದಕ್ಕೆ 2015ರ ಏಪ್ರಿಲ್ 8ರಂದು ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆ ಒಗ್ಗುತ್ತದೆ. 50,000 ರೂಪಾಯಿವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರ ಅಕ್ಟೋಬರಿನಿಂದ 20 ಲಕ್ಷದವರೆಗಿನ ತರುಣ ಪ್ಲಸ್. ಹೈನುಗಾರಿಕೆ, ಕೋಳಿ ಸಾಕಣೆ, ಅಗ್ರಿ ಕ್ಲಿನಿಕ್ ಕೂಡ ಮುದ್ರಾ ವ್ಯಾಪ್ತಿಯಲ್ಲಿವೆ. ಇದರಲ್ಲಿ ಸಬ್ಸಿಡಿ ಇಲ್ಲ, ಅಡವೂ ಇಲ್ಲ. ಬಡ್ಡಿ ದರವನ್ನು ಆಯಾ ಬ್ಯಾಂಕೇ ನಿಗದಿ ಮಾಡುತ್ತದೆ, ಆದ್ದರಿಂದ ಎರಡು ಕಡೆ ವಿಚಾರಿಸುವುದು ಒಳ್ಳೆಯದು. ಈ ಭಾಗದವರು ತಲೆಮಾರಿನಿಂದ ಬಲ್ಲ ಗ್ರಾಮೀಣ ಬ್ಯಾಂಕ್ ಹೆಸರು ಬದಲಿಸುತ್ತ ಬಂದಿದೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಭಾಗವಾಯಿತು, 2025ರ ಮೇ 1ರಿಂದ ರಾಜ್ಯಕ್ಕೊಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು.

ಮಾರುವುದಷ್ಟೇ ಅಲ್ಲ, ಸ್ಥಳೀಯ ಗೋವಿನಜೋಳ, ಶೇಂಗಾ ಹಿಂಡಿ, ಕಡಲೆ ಹೊಟ್ಟು ಬಳಸಿ ಪಶು ಆಹಾರ ತಯಾರಿಸುವ ಸಣ್ಣ ಘಟಕ ಹಾಕುವುದಾದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಇದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25 ಶೇಕಡಾ, ವಿಶೇಷ ವರ್ಗಕ್ಕೆ 35 ಶೇಕಡಾ ಸಬ್ಸಿಡಿ. ಸ್ವಂತ ಪಾಲು ಕ್ರಮವಾಗಿ 10 ಮತ್ತು 5 ಶೇಕಡಾ. ಈ ವಿಶೇಷ ವರ್ಗದಲ್ಲಿ ಹಿಂದುಳಿದ ವರ್ಗದವರೂ ಮಹಿಳೆಯರೂ ಇದ್ದಾರೆ ಎಂಬುದನ್ನು ಕುರಿಗಾರ ಕುಟುಂಬಗಳ ಮಕ್ಕಳು ಗಮನಿಸಬೇಕು. ಅರ್ಜಿಯ ಮಾಹಿತಿ ಗದಗಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯೂ ಇದೆ. 3 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ, ಉಳಿದವರಿಗೆ 30 ಶೇಕಡಾ, ಗರಿಷ್ಠ 90,000 ರೂಪಾಯಿ ಸಹಾಯಧನ. ಸ್ವಸಹಾಯ ಸಂಘದಲ್ಲಿದ್ದು ಪಶುಸಖಿಯಾಗಿ ತರಬೇತಿ ಪಡೆದ ಮಹಿಳೆಗೆ ಆಹಾರ ಮತ್ತು ಖನಿಜ ಮಿಶ್ರಣದ ಅಂಗಡಿ ತೆರೆಯಲು ಇದು ಒಳ್ಳೆಯ ದಾರಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ರಾಷ್ಟ್ರೀಯ ಜಾನುವಾರು ಮಿಷನ್ ಕುರಿ, ಮೇಕೆ ಸಾಕಣೆಗೆ 50 ಶೇಕಡಾ, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಪಶುಪಾಲಕರಿಗೂ ವಿಸ್ತರಿಸಿದೆ. ಇವೆರಡೂ ಸಾಕುವವರಿಗೆ, ಚಿಕಿತ್ಸೆ ಮಾಡುವವರಿಗಲ್ಲ. ಆದರೂ ಪಶುವೈದ್ಯರು ಇವನ್ನು ತಿಳಿದಿರಬೇಕು. ಸಾಲ ಮಾಡಿ ಹಿಂಡು ಕಟ್ಟಿದವರು ಒಂದು ಮರಿಯನ್ನೂ ಕಳೆದುಕೊಳ್ಳಲು ಒಪ್ಪುವುದಿಲ್ಲ, ಅವರೇ ನಿಮ್ಮ ಮೊದಲ ಗಿರಾಕಿಗಳು.

ಮೂರು ಲಕ್ಷದ ಲೆಕ್ಕ

ಪಶುವೈದ್ಯರೊಬ್ಬರು ರಾಜೂರಿನಲ್ಲಿ ಕೆಲಸ ಆರಂಭಿಸಲು ಕಟ್ಟಡ ಬೇಕೇ? ಬೇಕಿಲ್ಲ. ಕುರಿ ಆಸ್ಪತ್ರೆಗೆ ಬರುವುದಿಲ್ಲ, ವೈದ್ಯರೇ ಹಿಂಡಿಗೆ ಹೋಗಬೇಕು. ಮಳೆ ಬಿಟ್ಟ ಮೇಲೆ ಹಿಂಡು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸಾಗುತ್ತಿರುತ್ತದೆ. ಆದ್ದರಿಂದ ಮೊದಲ ಸಾಲ ಗಾಲಿಗೆ ಮತ್ತು ಚೀಲಕ್ಕೆ ಹೋಗಬೇಕು. ಒಂದು ಬೈಕು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಲು ಫ್ರಿಜ್ಜು ಮತ್ತು ಐಸ್ ಪೆಟ್ಟಿಗೆ. ಹೊಟ್ಟೆ ಉಬ್ಬರಕ್ಕೆ ಟ್ರೋಕಾರ್, ಬೀಜ ಒಡೆಯಲು ಬರ್ಡಿಜೊ, ಜಂತುನಾಶಕ ಕುಡಿಸುವ ಗನ್ನು. ಹಿಕ್ಕೆ ಪರೀಕ್ಷೆಗೆ ಒಂದು ಸೂಕ್ಷ್ಮದರ್ಶಕ. ಎಷ್ಟೋ ಕಡೆ ಜಂತು ಇದೆಯೋ ಇಲ್ಲವೋ ನೋಡದೆ ಔಷಧ ಕುಡಿಸುತ್ತಾರೆ, ಹಿಕ್ಕೆ ನೋಡಿ ಔಷಧ ಕೊಡುವ ವೈದ್ಯರು ಕುರಿಗಾರನ ಹಣ ಉಳಿಸುತ್ತಾರೆ.

ಉದಾಹರಣೆಗೆ 3 ಲಕ್ಷ ರೂಪಾಯಿ ಸಾಲ ಎಂದುಕೊಳ್ಳೋಣ. ಬಡ್ಡಿ 11 ಶೇಕಡಾ, ಅವಧಿ ಐದು ವರ್ಷ. ತಿಂಗಳ ಕಂತು ಸುಮಾರು 6,520 ರೂಪಾಯಿ, ವರ್ಷಕ್ಕೆ 78,000 ದಾಟುತ್ತದೆ. ಐದು ವರ್ಷದಲ್ಲಿ ಬಡ್ಡಿಯೇ 91,000ದಷ್ಟು. ಈಗ ಆದಾಯ ನೋಡೋಣ. ಕರೆದಾಗ ಹೋಗಿ ಫೀ ಪಡೆಯುವುದು ಒಂದು ಕ್ರಮ. ಪೆಟ್ರೋಲ್, ಔಷಧ ಕಳೆದು ಭೇಟಿಗೆ 100 ರೂಪಾಯಿ ಉಳಿದರೆ ಕಂತಿಗೇ ತಿಂಗಳಿಗೆ ಸುಮಾರು 65 ಭೇಟಿ ಬೇಕು, ಮನೆ ಖರ್ಚು ಬೇರೆ. ಇನ್ನೊಂದು ಕ್ರಮ ವರ್ಷದ ಕರಾರು. ನೂರು ಕುರಿಯ ಹಿಂಡಿಗೆ ಔಷಧದ ಬೆಲೆ ಬಿಟ್ಟು ತಲೆಗೆ ವರ್ಷಕ್ಕೆ 60 ರೂಪಾಯಿ ಎಂದು ಗೊತ್ತುಮಾಡಿದರೆ ಹಿಂಡಿಗೆ 6,000. ಇಂಥ 20 ಹಿಂಡು ಒಪ್ಪಿದರೆ 1.2 ಲಕ್ಷ. ವರ್ಷದ ಕಂತು ಕಟ್ಟಿ ಪೆಟ್ರೋಲಿಗೆ 41,000ಕ್ಕೂ ಹೆಚ್ಚು ಉಳಿಯುತ್ತದೆ. ದಿನದ ಭೇಟಿಗಳ ಫೀ ಮನೆಗೆ. ಕುರಿಗಾರನ ಮಗ್ಗುಲಿಂದಲೂ ಲೆಕ್ಕ ಹಾಕಿ. ವರ್ಷಕ್ಕೆ ಒಂದೆರಡು ಟಗರು ಸಾಯುವುದು ತಪ್ಪಿದರೂ ಆ 6,000 ಹುಟ್ಟುತ್ತದೆ.

ಸರ್ಕಾರ ಉಚಿತವಾಗಿ ಕೊಡುವ ಸೇವೆಯನ್ನು ಆದಾಯದ ಲೆಕ್ಕದಲ್ಲಿ ಸೇರಿಸಬಾರದು. ಕಾಲುಬಾಯಿ ಜ್ವರದ ಲಸಿಕೆಯನ್ನು 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಇಲಾಖೆಯೇ ಹಾಕುತ್ತಿದೆ. ಅಗ್ಗದ ಜೆನೆರಿಕ್ ಪಶು ಔಷಧ ಒದಗಿಸುವ ಪಶು ಔಷಧಿ ಯೋಜನೆಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಔಷಧದ ಮೇಲಿನ ಲಾಭ ನಂಬಿ ಬದುಕುವ ಕಾಲ ಮುಗಿಯುತ್ತಿದೆ. ಮುಂದೆ ಉಳಿಯುವುದು ಜ್ಞಾನಕ್ಕೆ ಮತ್ತು ಹೊತ್ತಿಗೆ ಬಂದದ್ದಕ್ಕೆ ಸಿಗುವ ಫೀ.

ಕಂತಿಗೂ ಋತುವಿದೆ

ಇದೇ ಜಿಲ್ಲೆಯ ನರಗುಂದದ ನೆಲ ಸಾಲ ಮತ್ತು ತೆರಿಗೆಯ ಬಗ್ಗೆ ಒಂದು ಪಾಠ ಕಲಿಸಿದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರಿನ ಲಾಭ ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದು ಒತ್ತಾಯಿಸಿದಾಗ ರೈತರು ಎದ್ದು ನಿಂತರು. ಅವರ ಮೇಲೆ ಗುಂಡು ಹಾರಿದ 1980ರ ಜುಲೈ 21ನ್ನು ಈ ಭಾಗ ಇಂದಿಗೂ ಹುತಾತ್ಮ ದಿನವಾಗಿ ನೆನೆಯುತ್ತದೆ. ಗಳಿಕೆ ಬರುವ ಮುನ್ನ ವಸೂಲಿ ಬಂದರೆ ಒಳ್ಳೆಯ ಯೋಜನೆಯೂ ಶತ್ರುವಾಗುತ್ತದೆ.

ಸಣ್ಣ ಸಾಲಕ್ಕೂ ಇದೇ ಮಾತು. ಕುರಿಗಾರನ ಕೈಯಲ್ಲಿ ಹಣ ಓಡಾಡುವುದು ಮರಿ ಮಾರಿದಾಗ, ಹೊಲದಲ್ಲಿ ಹಿಂಡು ನಿಲ್ಲಿಸಿದ್ದಕ್ಕೆ ಕೂಲಿ ಬಂದಾಗ. ಮಳೆಗಾಲದಲ್ಲಿ ರೋಗ ಹೆಚ್ಚು, ಹಣ ಕಡಿಮೆ. ಕರುಳು ಬೇನೆಯ ಲಸಿಕೆ ಮುಂಗಾರಿಗೆ ಮೊದಲೇ ಆಗಬೇಕು. ನೀಲಿ ನಾಲಿಗೆ ರೋಗ ಹರಡುವ ಸಣ್ಣ ನುಸಿಗಳು ಹುಟ್ಟಿಕೊಳ್ಳುವುದು ಮಳೆ ಬಿದ್ದ ಮೇಲೆ. ಆಗ ವೈದ್ಯರಿಗೆ ಕೈತುಂಬ ಕೆಲಸ, ಉದ್ರಿ ಪುಸ್ತಕವೂ ತುಂಬುತ್ತದೆ. ಹೀಗಾಗಿ ಸಾಲ ಮಂಜೂರಾಗುವ ಮೊದಲೇ ಬ್ಯಾಂಕಿನಲ್ಲಿ ಎರಡು ವಿಷಯ ಕೇಳಿ ಬರೆಸಿಕೊಳ್ಳಬೇಕು. ಮೊದಲ ಕಂತಿಗೆ ಎಷ್ಟು ತಿಂಗಳ ವಿನಾಯಿತಿ? ಉಪಕರಣದ ಅವಧಿ ಸಾಲದ ಜೊತೆ ಔಷಧ ದಾಸ್ತಾನಿಗೆ ದುಡಿಯುವ ಬಂಡವಾಳ ಬೇರೆಯಾಗಿ ಕೊಡುತ್ತೀರಾ? ವಿನಾಯಿತಿಯ ತಿಂಗಳುಗಳಲ್ಲೂ ಬಡ್ಡಿ ಬೆಳೆಯುತ್ತದೆ ಎಂಬುದನ್ನೂ ಮರೆಯಬಾರದು.

ಕೆಟ್ಟ ವರ್ಷಕ್ಕೂ ಸಿದ್ಧರಿರಬೇಕು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಜಾನುವಾರು ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಸಂತೆ ನಿಂತರೆ ರೈತನ ಕೈಯಲ್ಲಿ ಹಣವಿಲ್ಲ, ವೈದ್ಯರ ಉದ್ರಿ ವಸೂಲಾಗುವುದಿಲ್ಲ, ಕಂತಿನ ತಾರೀಖು ಮಾತ್ರ ನಿಲ್ಲುವುದಿಲ್ಲ. ನಾಲ್ಕು ಕಂತಿನಷ್ಟು ಹಣ ಖಾತೆಯಲ್ಲಿ ಉಳಿಸಿಟ್ಟುಕೊಂಡವರು ಇಂಥ ಹೊತ್ತು ದಾಟುತ್ತಾರೆ.

ಬ್ಯಾಂಕಿನ ಮುಂದೆ

ಕಾಗದಪತ್ರದ ಕೆಲಸ ದೊಡ್ಡದೇನಲ್ಲ. ಆಧಾರ್, ಪ್ಯಾನ್, ಪದವಿ ಮತ್ತು ಪರಿಷತ್ ನೋಂದಣಿ ಪತ್ರ, ಉಪಕರಣಗಳ ಕೊಟೇಶನ್, ಆರು ತಿಂಗಳ ಖಾತೆ ವಿವರ, ಯೋಜನಾ ವರದಿ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಕೇಂದ್ರದ ಸಾಲ ಯೋಜನೆಗಳಿಗೆ 2022ರಲ್ಲಿ ಆರಂಭವಾದ ಜನಸಮರ್ಥ್ ಪೋರ್ಟಲಿನಲ್ಲಿ ಅರ್ಹತೆ ನೋಡಿಕೊಂಡು ಅಲ್ಲಿಂದಲೇ ಅರ್ಜಿ ಹಾಕಬಹುದು. ನಿಯಮ, ಮಿತಿಗಳು ಆಗಾಗ ಬದಲಾಗುವುದರಿಂದ ಅರ್ಜಿಯ ದಿನ ಜಾರಿಯಲ್ಲಿರುವ ಸುತ್ತೋಲೆಯನ್ನೇ ನಂಬಬೇಕು.

ಇಷ್ಟು ಪರ್ಸೆಂಟ್ ಕೊಟ್ಟರೆ ಸಾಲ ಮಾಡಿಸಿಕೊಡುತ್ತೇವೆ ಎನ್ನುವವರನ್ನು ದೂರವಿಡಿ. ಮುದ್ರಾ ಸಾಲಕ್ಕೆ ಮಧ್ಯವರ್ತಿಗಳನ್ನು ನೇಮಿಸಿಲ್ಲ ಎಂದು ಮುದ್ರಾ ಸಂಸ್ಥೆಯೇ ಹೇಳಿದೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ತಿಳಿಸಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಉದ್ಯಮ ನಡೆಸುವ ತರಬೇತಿ ಬೇಕಾದವರಿಗೆ ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಈ ಮಾದರಿಯನ್ನೇ ನೋಡಿ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆದರು. ಊಟ, ವಸತಿ, ಪಾಠ ಎಲ್ಲ ಉಚಿತ.

ಒಣ ಸೀಮೆಗೆ ಸಿಗಬೇಕಾದ ಪಾಲು

ಸರ್ಕಾರಕ್ಕೂ ಒಂದು ಮಾತು ಹೇಳಬೇಕಿದೆ. ಸಾಲ ಮತ್ತು ಸಬ್ಸಿಡಿ ಎಲ್ಲ ಕಡೆ ಒಂದೇ ದರದಲ್ಲಿ ಇದ್ದರೆ ಪಶುವೈದ್ಯರು ಹೋಗುವುದು ಹಾಲಿನ ಹೊಳೆ ಇರುವ ಕಡೆಗೆ, ಇಲ್ಲವೇ ನಾಯಿ ಬೆಕ್ಕಿನ ಚಿಕಿತ್ಸೆಗೆ ಒಳ್ಳೆಯ ಫೀ ಸಿಗುವ ನಗರಕ್ಕೆ. ಆಫ್ರಿಕಾದ ಹಲವು ದೇಶಗಳು 1980 ಮತ್ತು 90ರ ದಶಕಗಳಲ್ಲಿ ಪಶುವೈದ್ಯ ಸೇವೆಯನ್ನು ಖಾಸಗಿಗೆ ಬಿಟ್ಟಾಗ ಆದದ್ದೂ ಇದೇ. ಕೀನ್ಯಾದಲ್ಲಿ ಹೈನು ಬೆಳೆದ ಎತ್ತರದ ಪ್ರದೇಶಗಳಲ್ಲಿ ಖಾಸಗಿ ವೈದ್ಯರು ನೆಲೆಯೂರಿದರು, ಹಿಂಡು ಮೇಯಿಸುವ ಒಣ ಬಯಲಿಗೆ ಹೋದವರು ತೀರ ಕಡಿಮೆ. ಅಮೆರಿಕದ ಕೃಷಿ ಇಲಾಖೆ ಬೇರೆ ದಾರಿ ಹಿಡಿದಿದೆ. 2010ರಿಂದ ಅಲ್ಲಿ ಪಶುವೈದ್ಯರ ಕೊರತೆ ಇರುವ ಪ್ರದೇಶಗಳನ್ನು ಗುರುತಿಸಿ, ಮೂರು ವರ್ಷ ಅಲ್ಲಿ ಸೇವೆ ಮಾಡುವವರ ಶಿಕ್ಷಣ ಸಾಲವನ್ನು ತೀರಿಸಲು ನೆರವಾಗುತ್ತಿದೆ.

ನಮ್ಮ ಅಗ್ರಿ ಕ್ಲಿನಿಕ್ ಯೋಜನೆ ಈಶಾನ್ಯಕ್ಕೂ ಗುಡ್ಡಗಾಡಿಗೂ ಹೆಚ್ಚಿನ ಸಬ್ಸಿಡಿ ಕೊಡುತ್ತದೆ. ಅಲ್ಲಿನ ಕಷ್ಟ ಒಪ್ಪುವಂಥದ್ದೇ. ಪದೇ ಪದೇ ಬರ ಕಾಣುವ ಗಜೇಂದ್ರಗಡ, ರೋಣದಂಥ ತಾಲ್ಲೂಕುಗಳನ್ನೂ ಆ ಸಾಲಿಗೆ ಸೇರಿಸಬೇಕು. ಕುರಿಗಾರರ ನಡುವೆ ಮೂರು ವರ್ಷ ಸೇವೆ ಕೊಡುವ ಯುವ ವೈದ್ಯರ ಬಡ್ಡಿಯನ್ನು ರಾಜ್ಯ ಸರ್ಕಾರ ಹೊತ್ತುಕೊಳ್ಳಬೇಕು. ರೈತರಿಗೆ ಸಹಕಾರ ಬ್ಯಾಂಕುಗಳ ಮೂಲಕ 5 ಲಕ್ಷದವರೆಗೆ ಬಡ್ಡಿಯಿಲ್ಲದ ಅಲ್ಪಾವಧಿ ಸಾಲ ಕೊಡುತ್ತಿರುವ ರಾಜ್ಯಕ್ಕೆ ಇದು ಭಾರವಲ್ಲ. ಹಿಂಡು ಉಳಿದರೆ ಆ ರೈತ ತನ್ನ ಸಾಲವನ್ನೂ ಕಟ್ಟುತ್ತಾನೆ.

ಸರ್ಕಾರ ಅಷ್ಟು ಮಾಡುವವರೆಗೆ ಯುವಕ ಯುವತಿಯರು ಕಾಯಬೇಕಾಗಿಲ್ಲ. ಅರ್ಜಿ ನಮೂನೆ ತುಂಬುವ ಮೊದಲು ಕಣಗಿನಹಾಳದ ಹಿರಿಯರು ಕೇಳುತ್ತಿದ್ದ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ. ರಾಜೂರಿನಿಂದ ಹೊರಟು ಬೈಕು ಮುಟ್ಟುವಷ್ಟು ದೂರದ ಹಟ್ಟಿಗಳನ್ನು ಸುತ್ತಲಿ. ಯಾರ ಹಿಂಡಿನಲ್ಲಿ ಎಷ್ಟು ಕುರಿ, ಕಳೆದ ವರ್ಷ ಎಷ್ಟು ಸತ್ತವು, ಯಾವ ರೋಗಕ್ಕೆ ಸತ್ತವು, ವರ್ಷದ ಕರಾರಿಗೆ ಯಾರು ಒಪ್ಪುತ್ತಾರೆ ಎಂದು ಬರೆದುಕೊಳ್ಳಲಿ. ಆ ಪಟ್ಟಿಯಲ್ಲಿ ಹದಿನೈದು ಇಪ್ಪತ್ತು ಹೆಸರು ಗಟ್ಟಿಯಾಗಿ ಸಿಕ್ಕರೆ ಅದನ್ನೇ ಯೋಜನಾ ವರದಿಯ ಮೊದಲ ಪುಟವಾಗಿಸಿ ಬ್ಯಾಂಕಿಗೆ ಹೋಗಲಿ. ಸಿಗದಿದ್ದರೆ ಸಾಲವನ್ನು ಮುಂದೂಡಿ, ಇರುವ ಚೀಲ ಹೊತ್ತು ಇನ್ನಷ್ಟು ದಿನ ಕೆಲಸ ಮಾಡಿ ಹೆಸರು ಗಳಿಸಲಿ. ಖಾತರಿ ನಿಧಿ ಬ್ಯಾಂಕಿನ ಧೈರ್ಯ ಕಾಯುತ್ತದೆ, ಕಂತು ಕಟ್ಟುವವರ ಧೈರ್ಯ ಕಾಯುವುದು ಫೀ ಕೊಟ್ಟು ಮತ್ತೆ ಕರೆಯುವ ಕುರಿಗಾರರು.